ಕೆಂಪು ಚೌಕದೊಳಗಿನ ರಾಗಿ

ಮೂರನೇ ಮಹಡಿ, ವಿಜಯನಗರ

ಕೀನ್ಯಾದ ಆ ಬೆಟ್ಟಸಾಲಿಗೆ ಕಾಲಿಡುವ ಮೊದಲೇ ನಾನು ಅದನ್ನು ನಮ್ಮ ಬೀದಿಗಿಂತ ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದೆ. ಯಾವ ತೊರೆ ಎಲ್ಲಿ ತಿರುಗುತ್ತದೆ, ಯಾವ ಗುಡ್ಡದ ಬೆನ್ನ ಮೇಲೆ ಕಾಡು ತೆಳುವಾಗಿದೆ, ಎಲ್ಲ ಬಾಯಿಪಾಠ. ನೋಡಿದ್ದು ಮಾತ್ರ ನೂರಾರು ಕಿಲೋಮೀಟರ್ ಮೇಲಿನಿಂದ, ಅದೂ ವಿಜಯನಗರದ ಮೂರನೇ ಮಹಡಿಯ ಕುರ್ಚಿಯಲ್ಲಿ ಕೂತು.

ನನ್ನ ಕೆಲಸ ಉಪಗ್ರಹ ತೆಗೆದ ಚಿತ್ರಗಳಿಗೆ ಬಣ್ಣ ಹಚ್ಚುವುದು. ಒಂದು ನದಿಗೆ ನೀರು ಇಳಿದು ಬರುವ ಬೆಟ್ಟ ಬಯಲುಗಳನ್ನೆಲ್ಲ ಸೇರಿಸಿ ಜಲಾನಯನ ಪ್ರದೇಶ ಎನ್ನುತ್ತೇವೆ. ಅದರ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು, ನೆಲದ ಮೇಲೆ ಏನಿತ್ತು, ಏನಾಯಿತು ಎಂದು ಹೇಳಬೇಕು. ಕಾಡಿಗೆ ಹಸಿರು, ಬೆಳೆಗೆ ಹಳದಿ, ನೀರಿಗೆ ನೀಲಿ, ಮನೆಮಠಕ್ಕೆ ಕೆಂಪು. ನಮ್ಮ ಚಿತ್ರದ ಒಂದು ಚುಕ್ಕಿ ಎಂದರೆ ನೆಲದ ಮೇಲೆ ಹೆಚ್ಚುಕಡಿಮೆ ಒಂದು ಥರ್ಟಿ ಫಾರ್ಟಿ ಸೈಟು. ಬೆಂಗಳೂರಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸುತ್ತಿನ ಬಣ್ಣವನ್ನು ಕಂಪ್ಯೂಟರೇ ಹಚ್ಚುತ್ತದೆ. ಅದಕ್ಕೆ ಅನುಮಾನ ಬಂದ ಕಡೆ ನಾನು ತೀರ್ಮಾನ ಕೊಡುತ್ತೇನೆ. ಕೀನ್ಯಾದ ಚಿತ್ರದಲ್ಲಿ ಕಾಡಿನ ನಡುವೆ ಐದು ಕಡೆ ಮರ ಮಾಯವಾಗಿ, ನೆಲ ಬೋಳಾಗಿ, ಅಳತೆಗೋಲಿಟ್ಟು ಎಳೆದಂಥ ಗೆರೆಗಳು ಕಾಣುತ್ತಿದ್ದವು. ಲಗ್ಗೆರೆಯಿಂದ ಬರುವ ನನ್ನ ಸಹೋದ್ಯೋಗಿ ಚೇತನ್ ಅದನ್ನು ತೋರಿಸಿ, "ಮೇಡಂ, ಸಿಸ್ಟಮ್ ಇದನ್ನ ಬೆಳೆ ಇರಬಹುದು ಅಂತಿದೆ. ಹಳದಿಗೇ ಬಿಡೋಣ್ವಾ?" ಎಂದು ಕೇಳಿದ್ದ.

"ಇದು ಬೆಳೆನಾ? ಕಣ್ ಬಿಟ್ಟು ನೋಡೋ. ನೇರ ರೋಡು, ಚೌಕ ಚೌಕ, ಕೆಂಪು ಮಣ್ಣು. ಲೇಔಟ್ ಕಣೋ ಇದು. ಇನ್ನೆರಡು ವರ್ಷಕ್ಕೆ ಮನೆ ಏಳುತ್ತೆ," ಎಂದು ನಾನು ಐದೂ ಚೌಕಕ್ಕೆ ಕೆಂಪು ಬಳಿದೆ.

ಹಾಗೆನ್ನಲು ನನಗೆ ಕಾರಣವಿತ್ತು. ನಾನು ಕೆಂಗೇರಿಯ ಒಕ್ಕಲು ಮನೆಯವಳು. ನಮ್ಮ ರಾಗಿ ಹೊಲ ಉಪನಗರದ ಆಚೆಯ ಒಂದು ಬಡಾವಣೆಯಾಗಿ ವರ್ಷಗಳೇ ಆದವು. ಮರ ಹೋಗಿ, ನೆಲ ಬೋಳಾಗಿ, ಗೆರೆ ಬಿತ್ತೆಂದರೆ ಆಮೇಲೆ ಕಲ್ಲು ನೆಡುತ್ತಾರೆ, ಆಮೇಲೆ ಮೋರಿ, ಆಮೇಲೆ ನೀರಿನ ಟ್ಯಾಂಕು. ಕೆಂಗೇರಿಯಿಂದ ಉಲ್ಲಾಳದವರೆಗೆ ಈ ಪಾಠ ಒಂದು ಸಲವೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಬಣ್ಣ ಹಚ್ಚಿದ ನಕ್ಷೆಯ ಕರಡನ್ನು ಕೀನ್ಯಾಗೆ ಕಳಿಸಿದೆವು. ಇನ್ನು ಅಲ್ಲಿಗೇ ಹೋಗಿ ನೆಲದ ಮೇಲೆ ನಿಂತು ತಾಳೆ ನೋಡಬೇಕು. ಜುಲೈ ತಿಂಗಳಲ್ಲಿ ಚೇತನ್ ಮತ್ತು ನಾನು ಹೊರಟೆವು. ನನ್ನ ಜೊತೆಯಲ್ಲೇ ಇರುವ ಅವ್ವನಿಗೆ ಇದು ಒಗಟಾಯಿತು.

"ಎಲ್ಲಾ ಇಲ್ಲೇ ಕುಂತು ನೋಡಿವ್ನಿ ಅಂತಿದ್ದೆ. ಈಗ ಅಷ್ಟ್ ದೂರ ಯಾಕೆ?"

"ಬರ್ದಿದ್ದು ಸರಿಯಾಗಿದೆಯಾ ಅಂತ ನೋಡ್ಕೊಂಡ್ ಬರೋಕವ್ವ."

"ಅಂದ್ರೆ ನೀವು ಮೊದ್ಲು ಬರ್ದು ಆಮೇಲ್ ನೋಡ್ತೀರಾ? ನಮ್ ಕಾಲ್ದಾಗೆ ಶಾನುಭೋಗ್ರು ನೋಡಿ ಆಮೇಲ್ ಬರೀತಿದ್ರು ಕಣೇ," ಎಂದು ಎರಡು ಕೇಜಿ ರಾಗಿ ಹಿಟ್ಟಿನ ಗಂಟನ್ನು ನನ್ನ ಬ್ಯಾಗಿಗೆ ತುರುಕಿದಳು. ಅನ್ನವಿಲ್ಲದಿದ್ದರೂ ನಾನು ಬದುಕುತ್ತೇನೆ, ಮುದ್ದೆಯಿಲ್ಲದೆ ಮೂರನೇ ದಿನಕ್ಕೆ ಸಿಡುಕುತ್ತೇನೆ ಎಂದು ಅವಳಿಗೆ ಗೊತ್ತು.

ನೈರೋಬಿ: ಬ್ಯಾಗಿನ ಬಾಯಿ

ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗನ್ನೇ ಆರಿಸಿ ಪಕ್ಕಕ್ಕೆಳೆದರು. ಸಮವಸ್ತ್ರದ ಹೆಂಗಸೊಬ್ಬಳು ಗಂಟನ್ನು ಮೇಜಿನ ಮೇಲಿಟ್ಟು, "ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮಾಸಲು ಕಂದು ಬಣ್ಣದ ಪುಡಿ, ಹಳೆಯ ಪಂಚೆಯ ತುಂಡಿನ ಗಂಟು. ನನಗೇ ಅನುಮಾನ ಬರುವ ಹಾಗಿತ್ತು. ಇದೊಂದು ದಕ್ಷಿಣ ಭಾರತದ ಧಾನ್ಯ, ಬಹಳ ಪುಷ್ಟಿಕರ, ಸಕ್ಕರೆ ಕಾಯಿಲೆಗೂ ಒಳ್ಳೆಯದು ಎಂದು ನಾನು ಭಾಷಣ ಶುರುಮಾಡಿದೆ.

ಅವಳು ನನ್ನ ಮಾತಿಗೆ ಕಿವಿಗೊಡದೆ ಗಂಟು ಬಿಚ್ಚಿ, ಒಂದು ಚಿಟಿಕೆ ಬೆರಳಲ್ಲಿ ತಿಕ್ಕಿ, ಮೂಸಿ, "ವಿಂಬಿ," ಎಂದಳು. ಆಮೇಲೆ ಪಕ್ಕದ ಮೇಜಿನವಳನ್ನು ಕೂಗಿ, "ಇಂಡಿಯಾದಿಂದ ನಮಗೆ ವಿಂಬಿ ಹೊತ್ತು ತಂದಿದ್ದಾರೆ ನೋಡು," ಎಂದು ನಕ್ಕಳು. ಇಬ್ಬರೂ ಸೇರಿ ಹಿಟ್ಟಿನ ನುಣುಪನ್ನು ಮೆಚ್ಚಿಕೊಂಡರು. ಬಿತ್ತನೆ ಬೀಜವಲ್ಲ, ಹಿಟ್ಟು ತಾನೇ ಎಂದು ಗಂಟು ಕಟ್ಟಿ ವಾಪಸು ಕೊಟ್ಟರು. ಮದ್ದೂರಿಗೆ ವಡೆ ಕಟ್ಟಿಕೊಂಡು ಹೋದವಳ ಸ್ಥಿತಿ ನನ್ನದು. ಮೂರು ವರ್ಷ ಆ ದೇಶದ ನೆಲ ನೋಡಿದವಳಿಗೆ ಅಲ್ಲಿ ರಾಗಿ ಬೆಳೆಯುತ್ತಾರೆಂಬುದು ತಲೆಗೇ ಹೊಳೆದಿರಲಿಲ್ಲ.

ಹೊರಗೆ ಬರುವಾಗ ಚೇತನ್ ಫೋನು ನೋಡುತ್ತಾ ಗಾಜಿನ ಬಾಗಿಲಿಗೆ ಹಣೆ ಗುದ್ದಿಕೊಂಡ. ತಕ್ಷಣ ಮೂರು ದಿಕ್ಕಿನಿಂದ, ನಮಗೆ ಗುರುತೇ ಇಲ್ಲದ ಮೂವರು, "ಪೋಲೆ," "ಪೋಲೆ," ಎಂದರು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಅರಣ್ಯಾಧಿಕಾರಿ ಕಿಪ್ರೋನೋ ಕೂಡ ಕೈಕುಲುಕುವ ಮೊದಲು ಅದನ್ನೇ ಹೇಳಿದ. ಅವರೇಕೆ ಕ್ಷಮೆ ಕೇಳುತ್ತಿದ್ದಾರೆ, ಗುದ್ದಿಕೊಂಡವನು ಇವನಲ್ಲವೇ ಎಂದು ನಾನು ವಿಚಾರಿಸಿದೆ.

"ಕ್ಷಮೆ ಅಲ್ಲ," ಎಂದ ಕಿಪ್ರೋನೋ. "ನಿನಗೆ ಪೆಟ್ಟಾಯ್ತು, ನಾನು ನೋಡಿದೆ ಅಂತ ಅರ್ಥ. ತಪ್ಪು ಯಾರದಾದರೂ ಇರಲಿ."

ನಮ್ಮಲ್ಲಿ ಎಡವಿ ಬಿದ್ದರೆ ಎತ್ತುತ್ತಾರೆ, ಇಲ್ಲವೆಂದಲ್ಲ. ಆದರೆ "ನೋಡ್ಕೊಂಡ್ ನಡೀಬಾರ್ದಾ?" ಎಂದು ಮೊದಲು ಬೈದು ಆಮೇಲೆ ಎತ್ತುತ್ತಾರೆ. ಚೇತನ್‌ಗೆ ಇವರ ಪದ್ಧತಿಯೇ ಹಿಡಿಸಿತು. ಹೊಸಹಳ್ಳಿ ಮೆಟ್ರೋ ಮೆಟ್ಟಿಲಲ್ಲಿ ಇದನ್ನು ಜಾರಿಗೆ ತರಬೇಕು ಎಂದ.

ಸಮಭಾಜಕದ ಮೇಲೆ ಸ್ವೆಟರು

ಭೂಮಿಯ ನಡುಗೆರೆಗೆ ಹೋಗುತ್ತಿದ್ದೇವೆ, ಬೆಂದುಹೋಗುತ್ತೇವೆ ಎಂದು ನಾನು ಹತ್ತಿ ಸೀರೆಗಳನ್ನೇ ತುಂಬಿಕೊಂಡಿದ್ದೆ. ಬೆಟ್ಟ ಏರುತ್ತಿದ್ದಂತೆ ಹಲ್ಲು ಕಟಕಟ ಎಂದವು. ರಸ್ತೆ ಬದಿಯಲ್ಲಿ ಸಮಭಾಜಕ ವೃತ್ತದ ಫಲಕವಿತ್ತು. ಅದರಡಿ ಒಬ್ಬ ಬೇಸಿನ್ನು ಹಿಡಿದು, ಗೆರೆಯ ಈ ಕಡೆ ನೀರು ಬಲಕ್ಕೆ ಸುತ್ತುತ್ತದೆ, ಆ ಕಡೆ ಎಡಕ್ಕೆ ಸುತ್ತುತ್ತದೆ ಎಂದು ಕಡ್ಡಿ ಹಾಕಿ ತೋರಿಸುತ್ತಿದ್ದ. ಇದು ಕೈಚಳಕ, ಹತ್ತು ಹೆಜ್ಜೆಗೆಲ್ಲ ನೀರು ದಿಕ್ಕು ಬದಲಿಸುವುದಿಲ್ಲ ಎಂದು ನಾನು ಬಾಯಿ ತೆರೆದೆ. "ಮೇಡಂ, ಸುಮ್ನಿರಿ. ಪಾಪ ಅವ್ರ ಪಾಡಿಗೆ ಅವ್ರು," ಎಂದು ಚೇತನ್ ನನ್ನನ್ನು ಕಾರಿಗೆ ಎಳೆದುಕೊಂಡು ಹೋದ. ಎಲ್ಲವೂ ನನಗೆ ಗೊತ್ತು ಎಂಬ ಕಾಯಿಲೆ ನನಗಿದೆ. ಈ ಪ್ರವಾಸಕ್ಕೂ ಅದಕ್ಕೂ ಸಂಬಂಧವಿರುವುದರಿಂದ ಈಗಲೇ ಹೇಳಿಬಿಡುತ್ತೇನೆ.

ಕಾರಿನಲ್ಲಿ ಕಿಪ್ರೋನೋ ನಮ್ಮ ನಕ್ಷೆಯ ಮಾತೆತ್ತಿದ. ಬೆಟ್ಟದ ನೀರು ಕುಡಿಯುವುದು ಕೆಳಗಿನ ಒಂದು ಪಟ್ಟಣ. ಅಲ್ಲಿ ನೀರಿನ ಸಮಿತಿಯೊಂದಿದೆ, ನಮಗೆ ನಕ್ಷೆಯ ಕೆಲಸ ಕೊಟ್ಟದ್ದೂ ಅದೇ. ಹೊಳೆ ವರ್ಷದಿಂದ ವರ್ಷಕ್ಕೆ ಕೆಂಪಗೆ, ಕೆಸರಾಗಿ ಬರುತ್ತಿದೆ ಎಂದು ಅವರ ದೂರು. ನಮ್ಮ ಕರಡು ನಕ್ಷೆ ನೋಡಿದ ಮೇಲೆ, ಮೇಲಿನ ಹಳ್ಳಿಯವರು ಕಾಡಿನೊಳಗೆ ಮನೆ ಕಟ್ಟುತ್ತಿದ್ದಾರೆ, ಅವರನ್ನು ಕಾಡಿನಿಂದ ಹೊರಹಾಕಬೇಕು ಎಂದು ಪಟ್ಟು ಹಿಡಿದಿದ್ದಾರೆ. ಶುಕ್ರವಾರ ಸಭೆ. ನಕ್ಷೆಯೇ ಸಾಕ್ಷಿ.

"ಹಳ್ಳಿಯವರು ಏನಂತಾರೆ?" ಎಂದು ಕೇಳಿದೆ.

"ನಾವು ಮನೆ ಕಟ್ಟಿಲ್ಲ ಅಂತಾರೆ. ನಾನೂ ಸಮಿತಿಗೆ ಹಾಗೇ ಬರೆದು ಕಳಿಸಿದ್ದೆ. ಚಿತ್ರ ಸುಳ್ಳು ಹೇಳುತ್ತಾ ಅಂತ ಸಮಿತಿ ಕೇಳುತ್ತೆ."

"ಇಲ್ಲ, ಹೇಳಲ್ಲ," ಎಂದೆ ನಾನು, ಕಿಪ್ರೋನೋ ಕೊಟ್ಟಿದ್ದ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ.

ಸಂಜೆ ತಂಗುಮನೆಯಲ್ಲಿ ಊಟಕ್ಕೆ ಉಗಾಲಿ ಬಂತು. ಮೆಕ್ಕೆಜೋಳದ ಬಿಳಿ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ಎಲ್ಲರೂ ಕೈಯಲ್ಲೇ ಉಣ್ಣುತ್ತಾರೆ. ನಮಗೆ ತವರಿಗೆ ಬಂದ ಹಾಗಾಯಿತು. ಚೇತನ್ ಒಂದು ತುತ್ತು ಮುರಿದು, ಸಾರಿಲ್ಲದ್ದಕ್ಕೆ ಸೊಪ್ಪಿನ ರಸದಲ್ಲೇ ಹೊರಳಿಸಿ ಗುಳುಂ ಮಾಡಿದ. ಬಡಿಸುತ್ತಿದ್ದ ಹೆಂಗಸು ಕೈಯಲ್ಲಿದ್ದುದನ್ನು ಬಿಟ್ಟು ನೀರು ತಂದಳು. ಅವನ ಗಂಟಲಿಗೆ ಸಿಕ್ಕಿಕೊಂಡಿತು ಎಂದು ಅವಳ ಗಾಬರಿ. ಅವರು ಉಗಾಲಿಯನ್ನು ಅಗಿಯುತ್ತಾರೆ. ನಮ್ಮಲ್ಲಿ ಮುದ್ದೆ ಅಗಿದರೆ ಮಕ್ಕಳೂ ನಗುತ್ತಾರೆ ಎಂದು ಕಿಪ್ರೋನೋನ ಮೂಲಕ ವಿವರಿಸಿದೆವು. ಮಾರನೆಯ ದಿನ ನಾವು ಊಟಕ್ಕೆ ಕೂತಾಗ ಅಡುಗೆಮನೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಚೇತನ್ ಒಂದು ತುತ್ತು ಹೆಚ್ಚಾಗಿಯೇ ನುಂಗಿದ.

ಮೊದಲ ಕೆಂಪು ಚೌಕ

ಬುಧವಾರ ಬೆಳಿಗ್ಗೆ ಬೆಟ್ಟ ಹತ್ತಿದೆವು. ಚೇತನ್ ಫೋನಿನಲ್ಲಿ ನಕ್ಷೆ ಹಿಡಿದಿದ್ದ. ಅದರಲ್ಲಿ ನಾವೆಂಬ ನೀಲಿ ಚುಕ್ಕೆ ಹಸಿರು ದಾಟಿ ಕೆಂಪಿನ ಅಂಚಿಗೆ ಬಂತು. "ಇಲ್ಲಿಂದ ಲೇಔಟ್ ಶುರು ಮೇಡಂ," ಎಂದ. ಪೊದೆ ಸರಿಸಿ ಆಚೆ ಕಾಲಿಟ್ಟೆವು.

ಮನೆ ಇರಲಿಲ್ಲ. ಗೋಡೆ ಇರಲಿಲ್ಲ, ಕಲ್ಲಿರಲಿಲ್ಲ, ಮೋರಿ ಇರಲಿಲ್ಲ. ಸೊಂಟದೆತ್ತರ ಪೈರು ಗಾಳಿಗೆ ಒಂದೇ ಕಡೆ ಬಾಗಿ ಏಳುತ್ತಿತ್ತು. ಹತ್ತಿರದ ತೆನೆಯೊಂದನ್ನು ಹಿಡಿದು ನೋಡಿದೆ. ಬೆರಳು ಮಡಿಸಿದ ಹಸಿ ಮುಷ್ಟಿ. ನೋಡಬೇಕಾಗಿಯೂ ಇರಲಿಲ್ಲ, ಕೈಗೇ ಗುರುತು ಸಿಕ್ಕಿತು.

ರಾಗಿ.

ಪೈರಿನ ನಡುನಡುವೆ, ಮೂರು ನಾಲ್ಕು ಹೆಜ್ಜೆಗೊಂದರಂತೆ, ಪೈರಿನಷ್ಟೇ ಎತ್ತರದ ಮರದ ಸಸಿಗಳು ಸಾಲಾಗಿ ನಿಂತಿದ್ದವು. ನಮ್ಮ ಹೊಲದಲ್ಲಿ ರಾಗಿ ನಡುವೆ ಅವರೆ ಅಕ್ಕಡಿ ಸಾಲು ಹಾಕುತ್ತಿದ್ದೆವು. ಇಲ್ಲಿ ಮರವನ್ನೇ ಅಕ್ಕಡಿ ಹಾಕಿದ್ದರು.

ಕಿಪ್ರೋನೋ ನಿಧಾನವಾಗಿ ಹೇಳಿದ. ಅಲ್ಲಿದ್ದದ್ದು ಅರಣ್ಯ ಇಲಾಖೆಯೇ ನೆಟ್ಟ ಹಳೆಯ ಮರ. ಕಾಲ ಬಂದಾಗ ಅದನ್ನು ಕಡಿದರು. ಆ ಜಾಗವನ್ನು ತುಂಡು ತುಂಡಾಗಿ ಕಾಡಿನ ಅಂಚಿನ ಹಳ್ಳಿಯ ಮನೆಗಳಿಗೆ ಕೊಡುತ್ತಾರೆ. ಅವರು ಬೇರು ಕಿತ್ತು, ಉತ್ತು, ಬೆಳೆ ಇಡುತ್ತಾರೆ. ಬೆಳೆಯ ನಡುವೆ ಇಲಾಖೆಯ ಸಸಿ ನೆಟ್ಟು, ಎರಡಕ್ಕೂ ಸೇರಿಸಿ ಕಳೆ ತೆಗೆಯುತ್ತಾರೆ. ಮೂರು ನಾಲ್ಕು ವರ್ಷಕ್ಕೆ ಸಸಿ ಎದ್ದು ನೆರಳು ಕಟ್ಟಿದರೆ ಬೆಳೆ ಆಗುವುದಿಲ್ಲ. ಅವರು ಕಾಡನ್ನು ಕಾಡಿಗೆ ಬಿಟ್ಟು ಮುಂದಿನ ತುಂಡಿಗೆ ಹೋಗುತ್ತಾರೆ. ಅಲ್ಲಿ ಮನೆ ಕಟ್ಟುವ ಹಾಗಿಲ್ಲ, ಕಟ್ಟಿದವರೂ ಇಲ್ಲ. ನಾನು ರೋಡು ಎಂದುಕೊಂಡಿದ್ದು ಒಬ್ಬರ ತುಂಡಿಗೂ ಇನ್ನೊಬ್ಬರ ತುಂಡಿಗೂ ನಡುವಿನ ಬದು.

ಚಿತ್ರದಲ್ಲಿ ಯಾಕೆ ಬೋಳು ಕಂಡಿತೆಂದು ನನಗೆ ಆಗಲೇ ಗೊತ್ತಾಯಿತು. ಆ ಬೆಟ್ಟಗಳ ಮೇಲೆ ವರ್ಷದ ಬಹುಪಾಲು ಮೋಡ. ಮೋಡವಿಲ್ಲದ ಚಿತ್ರ ಸಿಗುವುದು ಜನವರಿ ಫೆಬ್ರವರಿಯ ಒಣ ದಿನಗಳಲ್ಲಿ. ಆಗ ಬೆಳೆ ಕುಯ್ದು, ಮುಂದಿನ ಮಳೆಗೆ ಉತ್ತಿಟ್ಟಿರುತ್ತಾರೆ. ಸಸಿಗಳು ಚುಕ್ಕಿಗೆ ಕಾಣುವಷ್ಟು ದೊಡ್ಡವಲ್ಲ. ಮಾಗಿ ಉಳುಮೆ ಎಂದರೇನೆಂದು ಗೊತ್ತಿಲ್ಲದವರು ಈ ತಪ್ಪು ಮಾಡಿದ್ದರೆ ಒಪ್ಪಬಹುದು. ಮಾಗಿ ಉಳುಮೆಯ ಹೆಂಟೆ ಮೇಲೆ ಆಡಿ ಬೆಳೆದವಳು ನಾನು. ಹೊಲ ಮರೆತು ಲೇಔಟ್ ಮಾತ್ರ ನೆನಪಿಟ್ಟುಕೊಂಡಿದ್ದೆ. ಚೇತನ್ ಪಾಪ, "ಹೇಳಿದ್ನಲ್ಲ" ಎಂದು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಅಷ್ಟರಲ್ಲಿ ಆ ತುಂಡಿನ ಒಡತಿ ಕಳೆ ಕೀಳುವುದು ಬಿಟ್ಟು ಎದ್ದು ಬಂದಳು. ನನ್ನದೇ ವಯಸ್ಸು, ತಲೆಗೆ ವಸ್ತ್ರ, ಕೈತುಂಬ ಮಣ್ಣು. ಹೆಸರು ಮಾಮಾ ಚೆಬೆಟ್ ಎಂದು ಕಿಪ್ರೋನೋ ಪರಿಚಯಿಸಿದ. ಅಲ್ಲಿ ಹೆಂಗಸರನ್ನು ಮಗುವಿನ ಹೆಸರಿನಿಂದ ಕರೆಯುತ್ತಾರೆ. ಚೆಬೆಟ್‌ಳ ಅಮ್ಮ ಎಂದು ಅರ್ಥ. ನಮ್ಮ ಬೀದಿಯಲ್ಲಿ ನನ್ನನ್ನೂ "ಸಹನಾ ಅಮ್ಮ" ಎಂದೇ ಕರೆಯುವುದು ಎಂದೆ. ಆ ಕ್ಷಣದಿಂದ ನಾನು ಮಾಮಾ ಸಹನಾ ಆದೆ. "ಮಾಮ ಆಗ್ಬಿಟ್ರಿ ಮೇಡಂ," ಎಂದು ಚೇತನ್ ಗೊಣಗಿದ.

ಮಾಮಾ ಚೆಬೆಟ್ ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಳು. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ನಿದ್ದೆ ಬಂತೆ, ದಾರಿ ಹೇಗಿತ್ತು ಎಂದೆಲ್ಲ ಕೇಳಿದಳು. ಅಲ್ಲಿ ಇಷ್ಟು ಕೇಳದೆ ಯಾರೂ ವಿಷಯಕ್ಕೆ ಬರುವುದಿಲ್ಲ. ಆಮೇಲೆ ಕಿಪ್ರೋನೋನ ಮೂಲಕ ಕೇಳಿದಳು: "ಚಿತ್ರ ಬರೆದವರು ನೀವೇ ಅಂತೆ. ಇಲ್ಲಿ ಮನೆಗಳಿವೆ ಅಂತ ಬರೆದಿದ್ದೀರಂತೆ. ಅದರಲ್ಲಿ ನನ್ನ ಮನೆ ಯಾವುದು ತೋರಿಸಿ. ನಮ್ಮ ಮನೆ ಸೋರುತ್ತೆ, ಇವತ್ತೇ ಇಲ್ಲಿಗೆ ಬಂದುಬಿಡ್ತೀನಿ."

ಕಿಪ್ರೋನೋ ನಕ್ಕ. ನನಗೆ ನಗಲಾಗಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಆ ಬೆಟ್ಟದ ಮನೆಗಳು ವರ್ಷವಿಡೀ ಉಣ್ಣುವುದು ಈ ತುಂಡುಗಳಿಂದ. ಶುಕ್ರವಾರ ಅವರನ್ನು ಹೊರಹಾಕಿದರೆ ಮುಂದಿನ ಬಿತ್ತನೆಗೆ ಅವರಿಗೆ ನೆಲವಿಲ್ಲ, ಸಸಿಗಳಿಗೆ ಕಳೆ ಕೀಳುವವರಿಲ್ಲ. ಅಷ್ಟೂ ನನ್ನ ಒಂದು ಬೆರಳಿನ ಕೆಲಸ.

ಬೆಟ್ಟದ ಮೇಲೆ ನಮ್ಮ ಆಫೀಸಿನ ಲಿಫ್ಟಿಗಿಂತ ಚೆನ್ನಾಗಿ ಸಿಗ್ನಲ್ ಸಿಗುತ್ತಿತ್ತು. ಅಲ್ಲಿಂದಲೇ ನಮ್ಮ ಬಾಸ್‌ಗೆ ಫೋನು ಮಾಡಿದೆ.

"ಮೀಟಿಂಗಲ್ಲಿ ಯಾಕೆ ಹೇಳ್ತೀರಾ ಮೇಡಂ?" ಎಂದರು. "ಡ್ರಾಫ್ಟು ಅಂತ ತಾನೇ ಕಳಿಸಿರೋದು. ಫೈನಲ್ ರಿಪೋರ್ಟಲ್ಲಿ ಸೈಲೆಂಟಾಗಿ ಸರಿ ಮಾಡೋಣ. ಎಲ್ರ ಮುಂದೆ ತಪ್ಪಾಯ್ತು ಅಂದ್ರೆ ಮುಂದಿನ ಕೆಲಸ ನಮಗೆ ಯಾರ್ ಕೊಡ್ತಾರೆ?"

"ಫೈನಲ್ ರಿಪೋರ್ಟ್ ಬರೋಕೆ ಇನ್ನೂ ಆರು ತಿಂಗಳು ಸಾರ್. ಸಭೆ ನಾಡಿದ್ದು."

"ಯೋಚ್ನೆ ಮಾಡಿ," ಎಂದು ಇಟ್ಟರು. ಯೋಚನೆ ಮಾಡಿದೆ.

ಶುಕ್ರವಾರ, ಮರದ ಕೆಳಗೆ

ಅಲ್ಲಿ ಊರ ಸಭೆಗೆ ಬರಾಜಾ ಎನ್ನುತ್ತಾರೆ. ದೊಡ್ಡ ಮರದ ಕೆಳಗೆ ಬೆಂಚು, ಬೆಂಚು ಸಿಗದವರಿಗೆ ಹುಲ್ಲು. ಎರಡು ಕಂಬದ ನಡುವೆ ನನ್ನ ನಕ್ಷೆಯನ್ನು ಫ್ಲೆಕ್ಸ್ ಮಾಡಿ ಕಟ್ಟಿದ್ದರು. ನಮ್ಮಲ್ಲಿ ಹುಟ್ಟುಹಬ್ಬದ ಶುಭಾಶಯಕ್ಕೆ ಕಟ್ಟುವಷ್ಟು ದೊಡ್ಡದು. ಅಷ್ಟು ದೊಡ್ಡದಾಗಿ ನನ್ನ ತಪ್ಪನ್ನು ನಾನು ಎಂದೂ ನೋಡಿರಲಿಲ್ಲ.

ಮೊದಲು ಪ್ರಾರ್ಥನೆ. ಆಮೇಲೆ ಪ್ರತಿಯೊಬ್ಬರೂ ಎದ್ದು ಹೆಸರು ಹೇಳಿದರು. ಆಮೇಲೆ ಹಾಲಿನಲ್ಲೇ ಕುದಿಸಿದ ಚಹಾ, ನಮ್ಮ ಮನೆಯದೇ ರುಚಿ. ಕೆಳಗಿನ ಪಟ್ಟಣದ ನೀರಿನ ಸಮಿತಿಯ ಮುಖ್ಯಸ್ಥರು ಕಪ್ಪು ಕೋಟಿನ ಹಿರಿಯರು, ನಿವೃತ್ತ ಉಪಾಧ್ಯಾಯರು. ಎಲ್ಲರೂ ಅವರನ್ನು ಮ್ವಾಲಿಮು, ಅಂದರೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಎದ್ದು, ಭಾರತದಿಂದ ಬಂದ ತಜ್ಞೆ ನಕ್ಷೆಯನ್ನು ವಿವರಿಸುತ್ತಾರೆ ಎಂದು ನನ್ನ ಕಡೆ ಕೈ ತೋರಿದರು.

ನಾನು ಫ್ಲೆಕ್ಸಿನ ಹತ್ತಿರ ಹೋಗಿ ಕೆಂಪು ಚೌಕಗಳ ಮೇಲೆ ಕೈಯಿಟ್ಟೆ. "ಇಲ್ಲಿ ಮನೆಗಳಿಲ್ಲ," ಎಂದೆ. "ಇಲ್ಲಿ ರಾಗಿ ಇದೆ, ನೀವು ವಿಂಬಿ ಅನ್ನುವುದು. ಅದರ ನಡುವೆ ಕಾಡು ಬೆಳೆಯುತ್ತಿದೆ. ಕೆಂಪು ಹಚ್ಚಿದ್ದು ನಾನು. ನಮ್ಮ ಊರಿನಲ್ಲಿ ಹೊಲದ ಮೇಲೆ ಇಂಥ ಗೆರೆ ಬಿದ್ದರೆ ಮನೆಯೇ ಏಳುವುದು. ನಿಮ್ಮ ಊರನ್ನು ನೋಡದೆ ನಮ್ಮ ಊರನ್ನು ಇಲ್ಲಿ ಬರೆದುಬಿಟ್ಟೆ."

ಕಿಪ್ರೋನೋ ಅವರ ಭಾಷೆಗೆ ತಿರುಗಿಸುತ್ತಿದ್ದಂತೆ ಚೇತನ್ ಎದ್ದು ನಿಂತು, "ಇದು ನಾವಿಬ್ಬರೂ ಮಾಡಿದ ತಪ್ಪು," ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಕೂತ್ಕೊಳೋ," ಎಂದೆ ಕನ್ನಡದಲ್ಲಿ. ಆಮೇಲೆ ಸಭೆಗೆ, "ಇವನು ಬೇಡ ಅಂದಿದ್ದ. ನಾನು ಕೇಳಲಿಲ್ಲ," ಎಂದೆ.

ಮ್ವಾಲಿಮು ಕನ್ನಡಕ ತೆಗೆದು ಒರೆಸಿದರು. "ಹಾಗಾದರೆ ಉಳಿದ ನಕ್ಷೆಯನ್ನು ನಾವು ಯಾಕೆ ನಂಬಬೇಕು?"

ನ್ಯಾಯವಾದ ಪ್ರಶ್ನೆ. ನನ್ನ ಬಾಸ್ ಹೆದರಿದ್ದೂ ಇದಕ್ಕೇ. "ನಂಬಬೇಡಿ," ಎಂದೆ. "ನಾವು ಇನ್ನೂ ನಾಲ್ಕು ದಿನ ಇರುತ್ತೇವೆ. ಹಳ್ಳಿಯಿಂದ ಒಬ್ಬರು, ನಿಮ್ಮ ಸಮಿತಿಯಿಂದ ಒಬ್ಬರು ನಮ್ಮ ಜೊತೆ ನಡೆಯಲಿ. ಪ್ರತಿ ಬಣ್ಣದ ಮೇಲೂ ನಿಂತು ನೋಡೋಣ. ಆಮೇಲೆ ಹೇಳಿ."

ಸಭೆ ತಮ್ಮತಮ್ಮಲ್ಲೇ ಗುಜುಗುಜು ಮಾಡಿತು. ಕೊನೆಗೆ ಮ್ವಾಲಿಮು, ಹೊರಹಾಕುವ ಮಾತನ್ನು ಕೈಬಿಟ್ಟಿದ್ದೇವೆ, ಸಮಿತಿಯಿಂದ ನಡೆಯಲು ನಾನೇ ಬರುತ್ತೇನೆ ಎಂದರು. ನಾನು ಹೋಗಿ ಬೆಂಚಿನ ಮೇಲೆ ಕುಸಿದೆ. ಹುಲ್ಲಿನ ಮೇಲೆ ಕೂತಿದ್ದ ಹೆಂಗಸರ ನಡುವಿನಿಂದ ಮಾಮಾ ಚೆಬೆಟ್ ಎದ್ದು ನನ್ನ ಹತ್ತಿರ ಬಂದಳು. ಈಗ ಬೈಗುಳ ಬೀಳುತ್ತದೆ, ಬೀಳಲಿ ಎಂದುಕೊಂಡೆ.

"ಪೋಲೆ, ಮಾಮಾ ಸಹನಾ," ಎಂದಳು. ಹಿಂದಿನಿಂದ ಇನ್ನೂ ನಾಲ್ಕೈದು ಹೆಂಗಸರು ಅದನ್ನೇ ಹೇಳಿದರು. ಪೆಟ್ಟು ತಿಂದವರು ಅವರು, ನನಗೆ ಪೆಟ್ಟಾದದ್ದನ್ನು ನೋಡಿದೆವು ಎನ್ನುತ್ತಿದ್ದರು. ನಾನು ಅತ್ತುಬಿಟ್ಟೆ. ಚೇತನ್ ಬೇರೆ ಕಡೆ ತಿರುಗಿ ಫ್ಲೆಕ್ಸ್ ಬಿಚ್ಚತೊಡಗಿದ.

ನಾಲ್ಕು ದಿನದ ನಡಿಗೆ

ಮ್ವಾಲಿಮು ಕೋಟು ಬಿಚ್ಚದೆ, ಊರುಗೋಲು ಹಿಡಿದು, ನಮಗಿಂತ ಮುಂದೆ ಬೆಟ್ಟ ಹತ್ತುತ್ತಿದ್ದರು. ಮಾಮಾ ಚೆಬೆಟ್ ಸೋರೆ ಬುರುಡೆಯಲ್ಲಿ ಹುಳಿ ಹಾಲು ತರುತ್ತಿದ್ದಳು. ಬುರುಡೆಯ ಒಳಗೆ ಕೆಂಡ ಉಜ್ಜಿ ಇಟ್ಟ ಹಾಲು, ಬೂದು ಬಣ್ಣ, ಹೊಗೆಯ ವಾಸನೆ. ಚೇತನ್ ಮೊದಲ ದಿನ ಮೂಗು ಮುಚ್ಚಿ ಕುಡಿದ, ಮೂರನೇ ದಿನ ಕೇಳಿ ಕುಡಿದ.

ಒಂದು ಮಧ್ಯಾಹ್ನ ಅವ್ವನಿಗೆ ವಿಡಿಯೋ ಕಾಲ್ ಮಾಡಿ ಹೊಲ ತೋರಿಸಿದೆ. "ಮರದ್ ಅಕ್ಕಡಿ ಹಾಕವ್ರಲ್ಲೇ," ಎಂದಳು ಒಂದೇ ನೋಟಕ್ಕೆ. ಆಮೇಲೆ ನನ್ನನ್ನು ಬಿಟ್ಟು ನೇರವಾಗಿ ಮಾಮಾ ಚೆಬೆಟ್ ಜೊತೆ ಕನ್ನಡದಲ್ಲೇ ಮಾತಿಗಿಳಿದಳು. "ತೆನೆ ಇನ್ನೂ ಹಸೀಗೈತೆ ಕಣವ್ವ, ಆತುರ ಪಡಬ್ಯಾಡ." ಮಾಮಾ ಚೆಬೆಟ್ ತೆನೆಯೊಂದನ್ನು ಫೋನಿಗೆ ಹಿಡಿದು, ಎರಡು ಬೆರಳು ಎತ್ತಿ, ಅವಳ ಭಾಷೆಯಲ್ಲಿ ಏನೋ ಹೇಳಿದಳು. ಕಿಪ್ರೋನೋ ನನಗೆ ತಿರುಗಿಸುವ ಮೊದಲೇ ಅವ್ವ, "ಹೂಂ, ಇನ್ನೆರಡು ವಾರ ಬಿಡು," ಎಂದಿದ್ದಳು. ಮಾಮಾ ಚೆಬೆಟ್ ಹೇಳಿದ್ದೂ ಅದೇ.

ಮೂರನೇ ದಿನ ತೊರೆಯ ದಂಡೆಗೆ ಇಳಿದೆವು. ನನ್ನ ನಕ್ಷೆಯಲ್ಲಿ ಅಲ್ಲಿ ದಟ್ಟ ಹಸಿರು, ಒಳ್ಳೆಯ ಕಾಡು. ಹೋಗಿ ನೋಡಿದರೆ ನೀಲಗಿರಿ ತೋಪು. ಸಾಲು ಸಾಲಾಗಿ, ಕೆಳಗೆ ಒಂದು ಹುಲ್ಲುಕಡ್ಡಿಯಿಲ್ಲದೆ. ದಂಡೆಯ ಮಣ್ಣು ಕೊರೆದು ನೇರ ನೀರಿಗೆ ಬೀಳುತ್ತಿತ್ತು. ಪಟ್ಟಣದ ಕೆಸರಿಗೆ ದಾರಿ ಕಂಡಿತು. "ಇದು ಯಾರದು?" ಎಂದು ನಾನು ಪುಸ್ತಕ ತೆಗೆದೆ. ಕಿಪ್ರೋನೋ ಕೆಮ್ಮಿದ. ಮಾಮಾ ಚೆಬೆಟ್ ಆಕಾಶ ನೋಡಿದಳು.

"ನನ್ನದು," ಎಂದರು ಮ್ವಾಲಿಮು. ಸ್ವಲ್ಪ ಹೊತ್ತು ಊರುಗೋಲಿನಿಂದ ಮಣ್ಣು ಕೆದಕಿದರು. ಆಮೇಲೆ ಅವರಿಗೇ ನಗು ಬಂತು, ನಾವೆಲ್ಲ ನಕ್ಕೆವು. "ಪೋಲೆ, ಮ್ವಾಲಿಮು," ಎಂದಳು ಮಾಮಾ ಚೆಬೆಟ್, ಬಹಳ ಗಂಭೀರವಾಗಿ. ದಂಡೆಯ ಎರಡು ಸಾಲು ಕಡಿದು ಅಲ್ಲಿನದೇ ಕಾಡುಮರ ನೆಡುವುದಾಗಿ ಅವರು ಅಲ್ಲೇ ಒಪ್ಪಿಕೊಂಡರು.

ಹೊಸ ನಕ್ಷೆಯ ಬಣ್ಣದ ಪಟ್ಟಿಗೆ ಒಂದು ಸಾಲು ಹೆಚ್ಚಿಗೆ ಸೇರಿತು. ಹಳದಿಯೂ ಅಲ್ಲ ಹಸಿರೂ ಅಲ್ಲದ ಎಳೆ ಬಣ್ಣ: ಬೆಳೆಯ ನಡುವಿನ ಎಳೆ ಕಾಡು. ಅದನ್ನು ನೋಡಿದ ಮೇಲೆ ಸಮಿತಿ ನಮಗೆ ಪಕ್ಕದ ಹೊಳೆಯ ಕೆಲಸವನ್ನೂ ಕೊಟ್ಟಿತು. ಸುದ್ದಿ ಕೇಳಿದ ಬಾಸ್, ತಾವೇ ನನಗೆ ಸತ್ಯ ಹೇಳಲು ಸಲಹೆ ಕೊಟ್ಟವರ ಹಾಗೆ ಖುಷಿಪಟ್ಟರು. ಇರಲಿ.

ಕೆಂಗೇರಿ, ಭಾನುವಾರ

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಅವ್ವನಿಗೆ ಹೊಸ ನಕ್ಷೆ ತೋರಿಸಿದೆ. ಅವಳು ಕೀನ್ಯಾವನ್ನು ಅರ್ಧ ನಿಮಿಷ ನೋಡಿ, "ನಮ್ ಹೊಲ ಎಲ್ಲೈತೆ, ತೋರ್ಸು," ಎಂದಳು.

ತೋರಿಸಿದೆ. ನಾವೇ ಮಾಡಿದ ಬೆಂಗಳೂರಿನ ನಕ್ಷೆಯಲ್ಲಿ ಅದು ಹಳೆಯ ಚಿತ್ರಕ್ಕೆ ಹಳದಿ, ಹೊಸದಕ್ಕೆ ಕೆಂಪು.

"ಈ ಕೆಂಪು ಯಾರ್ ಹಚ್ಚಿದ್ದು?"

"ನಾನೇ."

"ಇಳಿದ್ ನೋಡಿ ಹಚ್ಚಿದ್ಯಾ?"

ಆ ಜಾಗ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಬಡಾವಣೆಯಾದ ಮೇಲೆ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಅವ್ವನನ್ನೂ ಕರೆದೊಯ್ದಿರಲಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ ಎಂಬುದೇ ಕಾರಣ, ಬೇರೇನಿಲ್ಲ.

"ಅಲ್ಲಿ ನೋಡೋಕೇನಿದೆ ಅವ್ವ? ಬರೀ ಮನೆ."

"ಅಲ್ಲೂ ಬರೀ ಮನೆ ಅಂದಿದ್ದೆ," ಎಂದು ಎದ್ದು ಚಪ್ಪಲಿ ಹುಡುಕಿದಳು.

ಮನೆಗಳೇ ಇದ್ದವು. ಮೂರು ಮಹಡಿ, ನಾಲ್ಕು ಮಹಡಿ, ಗೇಟಿಗೆ ಕಟ್ಟಿದ ನಾಯಿ, ಬಾಗಿಲ ಮುಂದೆ ಕಾರು. ಅವ್ವ ಯಾವ ರಸ್ತೆಯ ಹೆಸರನ್ನೂ ಓದದೆ, ಹಳೆಯ ಬದುವಿನ ಲೆಕ್ಕದಲ್ಲಿ ನಡೆಯುತ್ತಾ ಮೂರನೇ ಅಡ್ಡರಸ್ತೆಗೆ ತಿರುಗಿದಳು. ತಿರುಗಿ ನಿಂತಳು.

ಎರಡು ಮನೆಗಳ ನಡುವೆ ಒಂದು ಖಾಲಿ ಸೈಟು. ಅದರ ತುಂಬ ಗೇಣುದ್ದದ ರಾಗಿ ಪೈರು, ನಡುವೆ ಎರಡು ಸಾಲು ಅವರೆ.

ಎದುರು ಮನೆಯ ಹೆಂಗಸು ಗೇಟಿನಿಂದಲೇ ಹೇಳಿದಳು. "ಓನರ್ ಊರಲ್ಲಿಲ್ಲ ಆಂಟಿ. ಎಲ್ರೂ ಕಸ ತಂದ್ ಹಾಕ್ತಿದ್ರು. ಅವ್ರನ್ನ ಫೋನಲ್ಲಿ ಕೇಳಿ, ನಾನೇ ಎರಡು ಹಿಡಿ ರಾಗಿ ಚೆಲ್ದೆ. ಚೆನ್ನಾಗ್ ಬಂದಿದೆ ಅಲ್ವಾ?"

"ಅವರೆ ಸಾಲು ಸ್ವಲ್ಪ ದೂರ ಆಯ್ತು," ಎಂದಳು ಅವ್ವ. ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗಿಳಿದು ಕಳೆ ಕೀಳತೊಡಗಿದಳು. ನಾನೂ ಚಪ್ಪಲಿ ಬಿಟ್ಟು ಇಳಿದೆ. ಎಷ್ಟೋ ವರ್ಷದ ಮೇಲೆ ನಮ್ಮ ಹೊಲದ ಮಣ್ಣು ಕಾಲಿಗೆ ಹತ್ತಿತು. ಹೊಟ್ಟೆ ಉರಿಯಲಿಲ್ಲ.

ಸೋಮವಾರ ಆಫೀಸಿನಲ್ಲಿ ಬೆಂಗಳೂರಿನ ನಕ್ಷೆ ತೆಗೆದೆ. ಕೆಂಗೇರಿಯ ಆ ಕೆಂಪು ರಾಶಿಯನ್ನು ಹಿಗ್ಗಿಸಿ, ಹಿಗ್ಗಿಸಿ, ಮೂರನೇ ಅಡ್ಡರಸ್ತೆಯ ಒಂದು ಚುಕ್ಕಿಗೆ ಹಳದಿ ಹಚ್ಚಿದೆ. ಚೇತನ್ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಒಂದೇ ಒಂದು ಪಿಕ್ಸೆಲ್ಲಾ ಮೇಡಂ? ಇಷ್ಟ್ ದೊಡ್ಡ ನಕ್ಷೆಯಲ್ಲಿ ಯಾರಿಗೂ ಕಾಣಲ್ಲ."

"ಅವ್ವಂಗೆ ಕಾಣುತ್ತೆ ಕಣೋ," ಎಂದೆ.